ಎಂಟು ಬೆರಳಿನ ಕಂಬ

"ಅಜ್ಜನವರೇ, ನಂಬಿಕೆ ಮೊದಲೋ, ನಡೆ ಮೊದಲೋ?"

ಶಂಭುಲಿಂಗ ಈ ಪ್ರಶ್ನೆ ಕೇಳಿದ್ದು ಬೆಳಗಿನ ಪೂಜೆಯ ಹೊತ್ತು ಮೀರಿದ ಮೇಲೆ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಅಂಗಳ ಗುಡಿಸುವುದು, ಬಾವಿಯಿಂದ ನೀರು ಸೇದುವುದು, ಹೂ ಬಿಡಿಸುವುದು, ಬಂದವರಿಗೆ ಎಲೆ ಹಾಕುವುದು ಅವನ ಪಾಲಿನ ಕೆಲಸ. ಆ ದಿನ ಅದರಲ್ಲಿ ಒಂದನ್ನೂ ಮಾಡಿರಲಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ನೇರವಾಗಿ ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಬಂದು ಕೂತಿದ್ದ.

"ಯಾಕಪ್ಪಾ, ಇವತ್ತು ಈ ಪ್ರಶ್ನೆ ಎದ್ದಿತು?" ಎಂದು ಅಜ್ಜನವರು ಕೇಳಿದರು.

"ನೀರು ಸೇದುತ್ತೇನೆ, ಮನಸ್ಸು ಎಲ್ಲೋ ಇರುತ್ತದೆ. ಹೂ ಏರಿಸುತ್ತೇನೆ, ಇದನ್ನು ನೋಡುವವನು ಒಬ್ಬನಿದ್ದಾನೆಯೇ ಎಂದು ಒಳಗೇ ಸಂಶಯ ಏಳುತ್ತದೆ. ಒಳಗೆ ಗಟ್ಟಿಯಿಲ್ಲದೆ ಮಾಡುವ ಸೇವೆ ಸುಳ್ಳಲ್ಲವೇ? ಮೊದಲು ನಂಬಿಕೆ ಗಟ್ಟಿಯಾಗಲಿ. ಆಮೇಲೆ ಪೊರಕೆ ಹಿಡಿಯುತ್ತೇನೆ. ಅಲ್ಲಿಯವರೆಗೆ ಸುಮ್ಮನೆ ಕೂತಿರುತ್ತೇನೆ."

ಅಜ್ಜನವರು ಅಂಗಳದ ಕಡೆ ನೋಡಿದರು. ಬೇವಿನ ಎಲೆ ಉದುರಿ ಹರಡಿತ್ತು.

"ಹೇಗೂ ಕೂತಿರುತ್ತೀಯಲ್ಲ, ಒಂದು ಕತೆ ಕೇಳು" ಎಂದರು.

ಒಂದು ದೊಡ್ಡ ಹೊಳೆ. ಅದರ ಈಚೆ ದಡದಲ್ಲಿ ಒಂದು ಊರು. ಊರವರ ಅರ್ಧ ಹೊಲಗಳು ಆಚೆ ದಡದಲ್ಲಿ. ಬೆಳಿಗ್ಗೆ ಹರಿಗೋಲಿನಲ್ಲಿ ಹೋಗಬೇಕು, ಸಂಜೆ ಹರಿಗೋಲಿನಲ್ಲಿ ಬರಬೇಕು. ಬೇಸಿಗೆಯಲ್ಲಿ ಚಿಂತೆಯಿರಲಿಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ತುಂಬುತ್ತಿತ್ತು, ಮೋಡ ಕವಿದು ಹೊತ್ತಿಗೆ ಮುಂಚೆಯೇ ಮಬ್ಬಾಗುತ್ತಿತ್ತು. ಊರ ದಂಡೆ ಎಲ್ಲಿ, ಅದರ ಕೆಳಗಿನ ಬಂಡೆಗಳ ಸಾಲು ಎಲ್ಲಿ ಎಂದು ಅಂಬಿಗನಿಗೂ ತಿಳಿಯುತ್ತಿರಲಿಲ್ಲ. ಪ್ರತಿ ಮಳೆಗಾಲಕ್ಕೆ ಒಂದಾದರೂ ಹರಿಗೋಲು ಆ ಬಂಡೆಗಳಿಗೆ ಬಡಿದು ಜನ ಹೋಗುತ್ತಿದ್ದರು.

ದಂಡೆಯ ಮೇಲೆ ಎತ್ತರದಲ್ಲಿ ಒಂದು ದೀಪವಿರಬೇಕೆಂದು ಊರವರು ಕೂತು ಮಾತಾಡಿದರು. ಮೊದಲು ಬಿದಿರಿನ ಅಟ್ಟ ಕಟ್ಟಿದರು. ಮೊದಲ ಗಾಳಿಗೇ ಅದು ಹೊಳೆಯ ಪಾಲಾಯಿತು. ಕಲ್ಲಿನ ಗೋಪುರವೇ ಆಗಬೇಕೆಂದು ತೀರ್ಮಾನಿಸಿದರು. ನೀರು ಏರದ ಜಾಗವೆಂದರೆ ದಂಡೆಯ ಹೆಬ್ಬಂಡೆ ಒಂದೇ. ಅದರ ತಲೆ ಇಕ್ಕಟ್ಟು. ನೇರ ಮೆಟ್ಟಿಲು ಕಟ್ಟಲು ಅಲ್ಲಿ ಜಾಗವಿಲ್ಲ. ಗೋಪುರದ ಹೊಟ್ಟೆಯೊಳಗೇ ಸುತ್ತಿ ಸುತ್ತಿ ಮೇಲೆ ಹೋಗುವಂತೆ ಮೆಟ್ಟಿಲು ಮಾಡಬೇಕು.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಏನನ್ನೇ ಕಟ್ಟಲಿ, ಮೊದಲು ಕಂಬ ನಿಲ್ಲಿಸುವುದು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುವುದು, ಆಮೇಲೆ ಉಳಿದದ್ದಕ್ಕೆ ಕೈ ಹಾಕುವುದು. ಮದುವೆಗೆ ಹಂದರಗಂಬ ಹೇಗೋ ಹಾಗೆ.

ಊರ ಗೌಡ ಹೇಳಿದ: "ನಡುವೆ ಮೂವತ್ತೆರಡು ಮೊಳದ ಒಂದೇ ಕಲ್ಲಿನ ಕಂಬ ನಿಲ್ಲಿಸೋಣ. ಅದರ ಸುತ್ತ ಮೆಟ್ಟಿಲು ಸಿಕ್ಕಿಸುತ್ತಾ ಹೋದರಾಯಿತು. ಕಂಬ ಗಟ್ಟಿಯಿದ್ದರೆ ಎಲ್ಲವೂ ಗಟ್ಟಿ."

ಎಲ್ಲರೂ ತಲೆಯಾಡಿಸಿದರು. ಗೌಡ ಒಳ್ಳೆಯವನು, ಅವನ ಮಾತೂ ತೂಕದ್ದೇ.

ಮೊದಲನೆಯ ವರ್ಷ ಕಂಬವನ್ನು ಗುಡ್ಡದಿಂದ ಬಿಡಿಸುವಾಗ ಒಳಗಿದ್ದ ಸೀಳು ಬಾಯಿಬಿಟ್ಟಿತು. ಕಂಬ ಎರಡಾಯಿತು. ಎರಡನೆಯ ವರ್ಷ ಕಂಬ ಸರಿಯಾಗಿ ಬಿಟ್ಟುಬಂತು. ನಲವತ್ತು ಜೋಡಿ ಎತ್ತು ಹೂಡಿ ಎಳೆದರು. ಹಳ್ಳದ ಮರಳಿನಲ್ಲಿ ಗಾಲಿ ಹೂತು, ಕಂಬ ಜಾರಿ, ನಡು ಮುರಿಯಿತು. ಮೂರನೆಯ ವರ್ಷ ದೂರದ ಊರಿನಿಂದ ಶಿಲ್ಪಿಗಳು ಬಂದರು. ಕಂಬ ಹೆಬ್ಬಂಡೆಯ ತನಕ ಬಂತು. ಹಗ್ಗ ಕಟ್ಟಿ ಎತ್ತಿದರು. ಮುಕ್ಕಾಲು ಎದ್ದಾಗ ಹಗ್ಗ ಹರಿಯಿತು. ಕಂಬ ಬಿದ್ದು ಮೂರು ತುಂಡಾಯಿತು. ಶಿಲ್ಪಿಗಳು ಊರಿಗೆ ಕೈಮುಗಿದು ಹೊರಟುಹೋದರು.

ಕಂಬ ನಿಂತಿಲ್ಲವೆಂದು ಮೆಟ್ಟಿಲಿಗೆ ಯಾರೂ ಕೈ ಹಾಕಲಿಲ್ಲ. ಹೊಳೆ ಮಾತ್ರ ವರ್ಷ ವರ್ಷ ತಪ್ಪದೆ ಬಂತು. ಎರಡನೆಯ ವರ್ಷದ ಮಳೆಗಾಲದಲ್ಲಿ ಊರಿನ ಹಿರಿಯ ಅಂಬಿಗ ಒಂಬತ್ತು ಜನರನ್ನು ಕೂರಿಸಿಕೊಂಡು ಸಂಜೆ ಆಚೆ ದಡ ಬಿಟ್ಟ. ಈಚೆ ದಡಕ್ಕೆ ಬಂದು ಸೇರಿದ್ದು ಅವನ ಹರಿಗೋಲಿನ ಹುಟ್ಟು ಒಂದೇ.

ಆ ಒಂಬತ್ತು ಜನರಲ್ಲಿ ಒಬ್ಬ, ಊರಿನ ಕಲ್ಲುಕುಟಿಗನ ತಮ್ಮ.

ಈ ಕಲ್ಲುಕುಟಿಗ ವಿಗ್ರಹ ಮಾಡಿದವನಲ್ಲ, ಗುಡಿ ಕಟ್ಟಿದವನಲ್ಲ. ಬೀಸುವ ಕಲ್ಲು ಮಾಡುವುದು ಅವನ ಕಸುಬು. ಸುತ್ತ ಹತ್ತು ಹಳ್ಳಿಯ ಹೆಂಗಸರು ಅವನ ಕಲ್ಲಿನಲ್ಲೇ ಜೋಳ ಬೀಸುತ್ತಿದ್ದರು. ಊರ ಬಂಡೆ ಎಂಬ ಕಲ್ಲುಗಣಿಯಲ್ಲಿ ದುಂಡನೆಯ ಕಲ್ಲು ಎಬ್ಬಿಸುತ್ತಿದ್ದ. ಎಬ್ಬಿಸುವಾಗ ಒಂದು ಕಡೆ ಉದ್ದನೆಯ ನಾಲಗೆಯಷ್ಟು ಕಲ್ಲನ್ನು ಹಾಗೇ ಬಿಡುತ್ತಿದ್ದ. ಹಿಡಿದು ಹೊರುವುದಕ್ಕೆ ಅದೊಂದು ಹಿಡಿ. ಮನೆಗೆ ತಂದು, ಎಲ್ಲ ಮುಗಿದ ಮೇಲೆ, ಆ ನಾಲಗೆಯನ್ನು ಹೊಡೆದು ಹಾಕುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ.

ತಮ್ಮ ಹೋದ ಮೇಲೆ ಕಲ್ಲುಕುಟಿಗ ಮಾತು ಕಡಿಮೆ ಮಾಡಿದ. ಮೂರನೆಯ ಕಂಬ ಎತ್ತುವಾಗ ಅವನೂ ಹಗ್ಗ ಹಿಡಿದಿದ್ದ. ಅದು ಬಿದ್ದದ್ದನ್ನು ನೋಡಿ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಇನ್ನೊಂದು ಕಂಬ ಹುಡುಕುತ್ತಾರೆ, ಇನ್ನೊಂದು ಮಳೆಗಾಲ ಬರುತ್ತದೆ, ಇನ್ನೊಂದು ಹುಟ್ಟು ದಡಕ್ಕೆ ಬಂದು ಬೀಳುತ್ತದೆ ಎಂದುಕೊಂಡ.

ಅಂಗಳದಲ್ಲಿ ಅವನ ಹೆಂಡತಿ ಹೊಸದಾಗಿ ತಂದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಳು. ಒಂದರ ನಾಲಗೆ ಪೂರ್ವಕ್ಕೆ, ಮೇಲಿನದರದು ತುಸು ಸರಿದು, ಅದರ ಮೇಲಿನದು ಇನ್ನೂ ತುಸು ಸರಿದು. ಎಲ್ಲ ನಾಲಗೆಯೂ ಒಂದೇ ಕಡೆ ಬಂದರೆ ಗುಡ್ಡೆ ಆ ಕಡೆಗೇ ಮಗುಚುತ್ತದೆ ಎಂದು ಅವಳು ಹಾಗೆ ಪೇರಿಸುತ್ತಿದ್ದಳು.

ಮನೆಯ ಕೋಳಿ ಬಂತು. ಕೆಳಗಿನ ನಾಲಗೆಯ ಮೇಲೆ ಹಾರಿತು. ಅಲ್ಲಿಂದ ಪಕ್ಕದ್ದಕ್ಕೆ, ಅಲ್ಲಿಂದ ಅದರ ಪಕ್ಕದ್ದಕ್ಕೆ. ಗುಡ್ಡೆಯ ಸುತ್ತ ಒಂದು ಸುತ್ತು ಹಾಕಿ ತುದಿಯಲ್ಲಿ ಹೋಗಿ ಕೂತುಕೊಂಡಿತು.

"ಎಲಾ ಇದರ! ಅಲ್ಲಿ ಹೋಗಿ ಮೊಟ್ಟೆ ಇಟ್ಟರೆ ಉರುಳಿಬಂದು ಒಡೆಯುತ್ತದಲ್ಲೇ!" ಎಂದು ಹೆಂಡತಿ ಪೊರಕೆ ತೆಗೆದುಕೊಂಡು ಬಂದಳು.

"ತಡಿ, ತಡಿ. ಓಡಿಸಬೇಡ" ಎಂದ ಕಲ್ಲುಕುಟಿಗ.

"ಕೋಳಿಯ ಮೇಲೆ ಎಂದಿನಿಂದ ಇಷ್ಟು ಪ್ರೀತಿ?"

ಅವನು ಎದ್ದು ಬಂದು ಗುಡ್ಡೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಕೋಳಿ ಹತ್ತಿದ್ದು ನಾಲಗೆಗಳ ಮೇಲೆ. ನಾಲಗೆಗಳನ್ನು ಹಿಡಿದು ನಿಲ್ಲಿಸಿದ್ದು ನಡುವೆ ಪೇರಿಸಿದ ದುಂಡುಗಳು. ನಡುವೆ ಒಂದು ಕಂಬ ಎದ್ದಿತ್ತು. ಆ ಕಂಬವನ್ನು ಯಾರೂ ನಿಲ್ಲಿಸಿರಲಿಲ್ಲ.

ಮರುದಿನ ಅವನು ಊರ ಚಾವಡಿಗೆ ಹೋದ. ಗೌಡ ಮತ್ತು ಹಿರಿಯರು ನಾಲ್ಕನೆಯ ಕಂಬಕ್ಕೆ ಯಾವ ಗುಡ್ಡ ನೋಡುವುದೆಂದು ಮಾತಾಡುತ್ತಿದ್ದರು.

"ಗೌಡರೇ, ಮೆಟ್ಟಿಲು ನಾನು ಮಾಡುತ್ತೇನೆ" ಎಂದ.

"ಮಾಡುವೆಯಂತೆ. ಮೊದಲು ಕಂಬ ಸಿಗಲಿ."

"ಕಂಬ ಬೇಡ. ಮೆಟ್ಟಿಲು ಮಾಡುತ್ತೇನೆ."

ಚಾವಡಿ ನಕ್ಕಿತು. ಒಬ್ಬ ಹೇಳಿದ: "ಏನೋ ತಮ್ಮಾ, ದೀಪ ಹಚ್ಚುವುದಕ್ಕೆ ಹೋದವರು ಮೇಲೆಯೇ ಕೂತು ಜೋಳ ಬೀಸಿಕೊಂಡು ಬರಬೇಕೇನೋ?" ಇನ್ನೊಬ್ಬ ಹೇಳಿದ: "ಹಿಟ್ಟು ಗಾಳಿಗೆ ಹಾರಿ ಆಚೆ ದಡಕ್ಕೆ ಬೀಳುತ್ತದೆ. ಅಲ್ಲೇ ರೊಟ್ಟಿ ಮಾಡಿಕೊಳ್ಳಬಹುದು." ಪೂಜಾರಿ ಮಾತ್ರ ನಗದೆ ಕೇಳಿದ: "ಕಂಬವೇ ಇಲ್ಲದ ಮೇಲೆ ಪೂಜೆ ಯಾವುದಕ್ಕಪ್ಪಾ ಮಾಡಲಿ?"

ಆಗ ಚಾವಡಿಯ ಕೆಳಗಿನಿಂದ ಒಂದು ದನಿ ಬಂತು. ಹೋದ ಅಂಬಿಗನ ಹೆಂಡತಿ, ಅರವತ್ತು ದಾಟಿದ ಮುದುಕಿ, ಅಲ್ಲಿ ನಿಂತಿದ್ದಳು.

"ನಗಿರಿ ಯಪ್ಪಗಳಿರಾ, ನಗಿರಿ. ನೀವು ಕಂಬಕ್ಕೆ ಕಾಯುತ್ತೀರಿ. ಹೊಳೆ ನಿಮಗೆ ಕಾಯುತ್ತದೆಯೇ? ಇವನು ಕಟ್ಟಲಿ. ಕಟ್ಟಿದರೆ ದಿನಾ ಸಂಜೆ ಎಣ್ಣೆ ಹೊತ್ತು ಮೇಲೆ ಹೋಗಿ ದೀಪ ಹಚ್ಚುವವಳು ನಾನು. ನನ್ನ ಗಂಡನಿಗೆ ಕಾಣದ ದಂಡೆ ಬೇರೆಯವರಿಗಾದರೂ ಕಾಣಲಿ."

ನಗು ನಿಂತಿತು. ಗೌಡ ಮೀಸೆ ತಿರುವಿ ಹೇಳಿದ: "ಆಯಿತು. ಗೋಡೆ ಕಟ್ಟುವವರನ್ನು ಊರು ಕೊಡುತ್ತದೆ. ಮುಂಗಾರಿನ ಮಿರಗದ ಮಳೆಗೆ ಮುಂಚೆ ತುದಿಯಲ್ಲಿ ದೀಪ ಹತ್ತಬೇಕು. ಹತ್ತದಿದ್ದರೆ, ಇಲ್ಲವೇ ನಿನ್ನ ಮೆಟ್ಟಿಲು ಬಿದ್ದರೆ, ಊರ ಬಂಡೆಗೆ ನೀನು ಇನ್ನು ಉಳಿ ಇಡುವ ಹಾಗಿಲ್ಲ."

ಊರ ಬಂಡೆ ಹೋದರೆ ಅವನ ಕಸುಬು ಹೋಯಿತು, ಅನ್ನ ಹೋಯಿತು. ಅವನು ಹೂಂ ಎಂದು ಬಂದ.

ಮೊದಲು ಅವನು ಮುದುಕಿಯನ್ನು ಮನೆಗೆ ಕರೆದ. ಒಂದು ಕೊಡ ನೀರನ್ನು ಅವಳ ಸೊಂಟದ ಮೇಲಿಟ್ಟ. ಬೇರೆ ಬೇರೆ ಎತ್ತರದ ಕಲ್ಲುಗಳನ್ನು ಅಂಗಳದಲ್ಲಿ ಸಾಲಾಗಿ ಹಾಕಿ, "ಅವ್ವಾ, ಒಂದೊಂದಾಗಿ ಹತ್ತಿ ಇಳಿ" ಎಂದ. ಹನ್ನೆರಡು ಬೆರಳು ಎತ್ತರದ ಕಲ್ಲಿಗೆ ಅವಳು ಮೊಣಕಾಲು ಹಿಡಿದುಕೊಂಡಳು. ಹತ್ತು ಬೆರಳಿನದಕ್ಕೆ ಶಿವಾ ಎಂದಳು. ಅಷ್ಟರಲ್ಲಿ ಸೊಸೆಯ ಮಾತು ನೆನಪಾಗಿ ಅದನ್ನು ಹೇಳತೊಡಗಿದಳು. ಎಂಟು ಬೆರಳಿನ ಕಲ್ಲನ್ನು ಹತ್ತಿ ಇಳಿದಳು, ಸೊಸೆಯ ಮಾತು ನಿಲ್ಲಲಿಲ್ಲ.

"ಸಾಕವ್ವಾ. ಎಂಟು ಬೆರಳು" ಎಂದ ಕಲ್ಲುಕುಟಿಗ.

"ಇನ್ನೂ ಹೇಳುವುದು ಮುಗಿದಿಲ್ಲ" ಎಂದಳು ಮುದುಕಿ.

ದೀಪಾವಳಿ ಕಳೆದು ಕೆಲಸ ಶುರುವಾಯಿತು. ಒಂದೊಂದು ಮೆಟ್ಟಿಲೂ ಒಂದೇ ಕಲ್ಲು. ಒಂದು ತುದಿ ಬೀಸುವ ಕಲ್ಲಿನಂತೆ ದುಂಡು. ಇನ್ನೊಂದು ತುದಿ ಅಗಲವಾಗಿ ಹೋಗಿ ಗೋಡೆಯೊಳಗೆ ಕೂರುವಂಥದ್ದು. ದುಂಡಿನ ಮೇಲೆ ಒಂದು ಗುಬುಟು, ಕೆಳಗೆ ಒಂದು ಕುಳಿ. ಬೀಸುವ ಕಲ್ಲಿನ ಗೂಟ ಮೇಲಿನ ಕಲ್ಲಿನ ತೂತಿನಲ್ಲಿ ಕೂರುವ ಹಾಗೆ, ಒಂದರ ಗುಬುಟು ಇನ್ನೊಂದರ ಕುಳಿಯಲ್ಲಿ ಕೂರಬೇಕು. ಇಷ್ಟು ವರ್ಷ ಹೊಡೆದು ಎಸೆದ ನಾಲಗೆಯನ್ನು ಈಗ ಅವನು ಜೋಪಾನವಾಗಿ ಕೆತ್ತಿದ. ಅಂಥವು ತೊಂಬತ್ತಾರು ಬೇಕು. ಹದಿನಾರು ಮೆಟ್ಟಿಲಿಗೆ ಒಂದು ಸುತ್ತು. ಆರು ಸುತ್ತಿಗೆ ತುದಿ.

ಮೊದಲ ಕಲ್ಲನ್ನು ಹೆಬ್ಬಂಡೆಯ ಮೇಲೆ ಇಟ್ಟ ದಿನ ಗೌಡ ಬಂದು ನೋಡಿದ.

"ಇಷ್ಟೇಯೋ?"

"ಇವತ್ತಿಗೆ ಇಷ್ಟೇ ಗೌಡರೇ."

ಎರಡನೆಯ ಕಲ್ಲು ಅದರ ಮೇಲೆ ತುಸು ಸರಿದು ಕೂತಿತು. ಮೂರನೆಯದು ಎರಡನೆಯದರ ಮೇಲೆ. ಗೋಡೆಯೂ ಜೊತೆಜೊತೆಗೆ ಎದ್ದಿತು. ಅಟ್ಟಣೆ ಕಟ್ಟುವ ಕೆಲಸ ಬೀಳಲಿಲ್ಲ. ಇಟ್ಟ ಮೆಟ್ಟಿಲುಗಳ ಮೇಲೆಯೇ ಇಬ್ಬರು ಮುಂದೆ ಇಬ್ಬರು ಹಿಂದೆ ನಿಂತು ಮುಂದಿನ ಮೆಟ್ಟಿಲನ್ನು ಹೊತ್ತು ತಂದರು. ಹತ್ತಿದಷ್ಟೂ ದಾರಿ, ದಾರಿಯಾದಷ್ಟೂ ಹತ್ತುವುದು.

ಐವತ್ತನೆಯ ಮೆಟ್ಟಿಲು ಕೂತ ದಿನ ಕಲ್ಲುಕುಟಿಗ, ದುಂಡುಗಳ ಕಂಬ ನೆಟ್ಟಗಿದೆಯೇ ಎಂದು ಮೇಲಿನಿಂದ ಒಂದೊಂದೇ ಸುತ್ತಿಗೆ ತೂಗುಗುಂಡಿನ ದಾರ ಇಳಿಬಿಡುತ್ತಾ ಬಂದ. ದಾರ ಕಂಬವನ್ನು ಸವರಿಕೊಂಡು ಇಳಿಯಬೇಕಿತ್ತು. ಅರ್ಧಕ್ಕಿಂತ ಕೆಳಗೆ ಒಂದು ಕಡೆ ಅಕ್ಕಿಕಾಳಿನಷ್ಟು ಬಿಟ್ಟು ನಿಂತಿತು.

ಅವನು ಕೂತುಬಿಟ್ಟ. ಹೆಂಡತಿ ರೊಟ್ಟಿ ಬುತ್ತಿ ತಂದಿದ್ದಳು.

"ಒಂದು ಅಕ್ಕಿಕಾಳು ತಾನೇ? ಯಾರಿಗೆ ಕಾಣುತ್ತದೆ?" ಎಂದಳು.

"ಇಲ್ಲಿ ಅಕ್ಕಿಕಾಳು. ತುದಿಯಲ್ಲಿ ಅಂಗೈ ಅಗಲ. ಯಾವ ಕಲ್ಲಿನಲ್ಲಿ ತಪ್ಪಿದೆನೋ ಗೊತ್ತಾಗುತ್ತಿಲ್ಲ."

ಹೆಂಡತಿ ಮೆಟ್ಟಿಲುಗಳನ್ನು ಎಣಿಸುತ್ತಾ ಇಳಿದಳು. ಇಪ್ಪತ್ತಮೂರನೆಯದರ ಮೇಲೆ ನಿಂತಳು. "ಇದು. ಚಾವಡಿಯವರು ಬಂದು ಜೋಳ ಬೀಸುವ ಮಾತು ಆಡಿ ಹೋದರಲ್ಲ, ಆ ದಿನದ್ದು. ನೀನು ಊಟ ಬಿಟ್ಟು, ಹಲ್ಲು ಕಚ್ಚಿ, ಒಂದೇ ದಿನಕ್ಕೆ ಮುಗಿಸಿದೆ. ಇದನ್ನು ನೀನು ಕೆತ್ತಲಿಲ್ಲ, ನಿನ್ನ ಸಿಟ್ಟು ಕೆತ್ತಿತು."

ಅವನು ಕುಳಿಯಲ್ಲಿ ಬೆರಳಾಡಿಸಿ ನೋಡಬೇಕಾದರೆ ಮೇಲಿನ ಇಪ್ಪತ್ತೇಳು ಕಲ್ಲು ಇಳಿಯಬೇಕು. ಇಳಿಸಿದ. ಗೋಡೆಯನ್ನೂ ಅಷ್ಟು ಕೆಳಗೆ ತರಬೇಕಾಯಿತು. ಗೋಡೆಯವರು ಗೊಣಗಿದರು: "ಕಟ್ಟುವುದಕ್ಕೆ ಕರೆದೆಯೋ, ಕೆಡವುವುದಕ್ಕೆ ಕರೆದೆಯೋ?" ಊರು ದಂಡೆಯಲ್ಲಿ ನಿಂತು ನೋಡಿತು. ಗೋಪುರ ಮೇಲೆ ಹೋಗುವುದನ್ನು ಬಿಟ್ಟು ಕೆಳಗೆ ಬರುತ್ತಿದೆ ಎಂದು ಆಡಿಕೊಂಡಿತು. ಇಪ್ಪತ್ತಮೂರನೆಯ ಕಲ್ಲಿನ ತಳ ಕೂದಲೆಳೆಯಷ್ಟು ಓರೆಯಾಗಿತ್ತು. ಅವನು ಅದರ ಜಾಗಕ್ಕೆ ಹೊಸದನ್ನು ಮಾಡಿದ. ಹೊಟ್ಟೆ ತುಂಬ ಉಂಡು, ಎರಡು ದಿನ ಹಿಡಿದು ಮಾಡಿದ. ಹಳೆಯದನ್ನು ಗೋಪುರದ ಬಾಗಿಲ ಪಕ್ಕ ಹಾಕಿದ. ಮುದುಕಿ ಹತ್ತುವ ಮುಂಚೆ ಕೂತು ಉಸಿರು ತೆಗೆದುಕೊಳ್ಳಲು ಅದು ಆಸನವಾಯಿತು.

ದಿನಗಳು ಕಡಿಮೆಯಾದವು. ಹೆಂಡತಿಯೂ ಉಳಿ ಹಿಡಿದಳು, ಅವಳ ಅಣ್ಣಂದಿರು ಬಂದರು. ಗೊಣಗಿದ್ದ ಗೋಡೆಯವರೇ ಬಿಸಿಲಿಗೆ ಮುಂಚೆ ಎದ್ದು ಬರತೊಡಗಿದರು. ತಾವು ಕಟ್ಟುತ್ತಿರುವುದು ಏನೆಂದು ಅವರಿಗೂ ಕಾಣತೊಡಗಿತ್ತು. ಕೆಳಗೆ ನಿಂತು ತಲೆಯೆತ್ತಿದರೆ ಮೆಟ್ಟಿಲುಗಳ ಹೊಟ್ಟೆ ಒಂದರ ಹಿಂದೆ ಒಂದು ಸರಿಯುತ್ತಾ ಸುತ್ತಿಕೊಂಡು ಮೇಲೆ ಹೋಗಿ ಕಂಬದ ಆಚೆ ಮರೆಯಾಗುತ್ತಿತ್ತು. ಶಂಖದ ಒಳಗೆ ಕಣ್ಣಿಟ್ಟು ನೋಡಿದ ಹಾಗೆ. ಗೋಡೆಯವರ ಹಿರಿಯ ಒಂದು ದಿನ ಹೊರಲು ಬಂದವನು ಹೊರುವುದನ್ನು ಮರೆತು ಹಾಗೇ ನಿಂತುಬಿಟ್ಟ. "ನನ್ನ ಕೈಯಿಂದ ಇಂಥದ್ದು ಆಗುತ್ತದೆಂದು ಗೊತ್ತಿರಲಿಲ್ಲ" ಎಂದ.

ಮಿರಗಕ್ಕೆ ಮೂರು ದಿನ ಇರುವಾಗ ತೊಂಬತ್ತಾರನೆಯ ಕಲ್ಲು ಕೂತಿತು. ತೂಗುಗುಂಡಿನ ದಾರ ತುದಿಯಿಂದ ಬುಡದವರೆಗೆ ಪ್ರತಿ ಸುತ್ತಿನಲ್ಲೂ ಕಂಬವನ್ನು ಮುಟ್ಟಿಕೊಂಡೇ ಇಳಿಯಿತು. ಮೇಲೆ ಹೊಳೆಯ ಕಡೆ ಮಾತ್ರ ತೆರೆದ ಪುಟ್ಟ ಮಂಟಪ ಕಟ್ಟಿ, ಅದರಲ್ಲಿ ಕೊಪ್ಪರಿಗೆಯಷ್ಟು ದೊಡ್ಡ ಕಲ್ಲಿನ ಹಣತೆ ಇಟ್ಟರು. ಗಾಣದವರು ಹೊಂಗೆ ಎಣ್ಣೆ ಕೊಟ್ಟರು. ಮುದುಕಿ ದೀಪ ಹಚ್ಚಿದಳು.

ಗೌಡ ಕೆಳಗಿನಿಂದಲೇ ನೋಡಿದ. "ದೀಪವೇನೋ ಹತ್ತಿತು. ಕಂಬವಿಲ್ಲದ್ದು ನಿಲ್ಲುತ್ತದೋ ಬೀಳುತ್ತದೋ, ಒಂದು ಹೊಳೆ ಬರಲಿ" ಎಂದು ಹೋದ. ಒಳಗೆ ಕಾಲಿಡಲಿಲ್ಲ.

ಅದೇ ಮಳೆಗಾಲ, ಪುಷ್ಯದ ಮಳೆಗೆ ಹೊಳೆ ಬಂತು. ಹತ್ತು ವರ್ಷದಲ್ಲಿ ಯಾರೂ ನೋಡದ ಹೊಳೆ. ಆ ದಿನ ಬೆಳಿಗ್ಗೆ ಗೌಡ ತವರಿಗೆ ಬರುವ ಬಸುರಿ ಮಗಳನ್ನು ಕರೆತರಲು ಆಚೆ ದಡಕ್ಕೆ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ನೀರು ಏರಿತು. ಸಂಜೆಗೆ ಮಳೆಯ ಪರದೆ ಬಿದ್ದು ಹೊಳೆ ಯಾವುದು ಆಕಾಶ ಯಾವುದು ತಿಳಿಯದಾಯಿತು. ಹರಿಗೋಲು ಬರುವ ಹೊತ್ತು. ಊರು ದಂಡೆಯಲ್ಲಿ ನಿಂತಿತ್ತು. ನೀರು ಹೆಬ್ಬಂಡೆಗೆ ಅಪ್ಪಳಿಸುತ್ತಿತ್ತು. ಕಲ್ಲುಕುಟಿಗ ಗೋಪುರದ ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದ. ಗೋಡೆ ಅಲುಗಿದರೆ ತನಗೇ ಮೊದಲು ತಿಳಿಯಲಿ ಎಂದು.

ಮುದುಕಿ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಎಣ್ಣೆ ಕೊಡ ಸೊಂಟಕ್ಕೆ ಏರಿಸಿ ಬಂದಳು.

"ಅವ್ವಾ, ಇವತ್ತು ನಾನು ಹೋಗುತ್ತೇನೆ" ಎಂದ ಕಲ್ಲುಕುಟಿಗ.

"ಯಾಕೆ? ನಿನ್ನ ಮೆಟ್ಟಿಲ ಮೇಲೆ ನಿನಗೇ ನಂಬಿಕೆಯಿಲ್ಲವೇ? ನನಗಿದೆ, ಸರಿ ಅತ್ತ" ಎಂದು ಒಳಗೆ ಹೋದಳು.

ಅವನೂ ಹಿಂದೆಯೇ ಹತ್ತಿದ. ಪ್ರತಿ ಸುತ್ತಿಗೆ ಹೊಳೆಯ ಕಡೆ ಒಂದು ಕಿಂಡಿ. ಮೊದಲ ಕಿಂಡಿಯಲ್ಲಿ ಬಂಡೆಗೆ ಬಡಿಯುವ ನೊರೆ ಕಂಡಿತು. ಎರಡನೆಯದರಲ್ಲಿ ದಂಡೆಯ ಜನ. ಮೂರನೆಯದರಲ್ಲಿ ನಡುಹೊಳೆ. ಅದೇ ಕಡೆ, ಅದೇ ಅಳತೆಯ ಕಿಂಡಿ. ಹೊಳೆ ಮಾತ್ರ ಪ್ರತಿ ಸಲ ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ಹೊರಗೆ ಗಾಳಿ ಕೂಗುತ್ತಿದ್ದರೆ ಒಳಗೆ ಮೆಟ್ಟಿಲು ಒಣಗಿ ಬೆಚ್ಚಗಿತ್ತು. ಕಲ್ಲುಕುಟಿಗ ಬಲಗೈಯನ್ನು ನಡುಗಂಬದ ಮೇಲಿಟ್ಟುಕೊಂಡು ಹತ್ತಿದ. ಅದು ಅಲುಗಲಿಲ್ಲ. ಮುದುಕಿ ದಾರಿಯುದ್ದಕ್ಕೂ ಸೊಸೆಯ ಮಾತು ಹೇಳುತ್ತಲೇ ಇದ್ದಳು.

ಐದನೆಯ ಕಿಂಡಿಯಲ್ಲಿ ಹರಿಗೋಲು ಕಂಡಿತು. ಅದು ಬುಗುರಿಯಂತೆ ತಿರುಗುತ್ತಾ ಬಂಡೆಗಳ ಸಾಲಿನ ಕಡೆಗೇ ಹೋಗುತ್ತಿತ್ತು. ಮುದುಕಿ ಮಾತು ನಿಲ್ಲಿಸಿದಳು. ಉಳಿದ ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ, ಅವನು ತುದಿಗೆ ಬರುವಷ್ಟರಲ್ಲಿ ಎಣ್ಣೆ ಹುಯ್ದು ಬತ್ತಿಗೆ ಬೆಂಕಿ ಮುಟ್ಟಿಸಿದ್ದಳು.

ಬೆಳಕು ಮಳೆಯನ್ನು ಸೀಳಿಕೊಂಡು ಹೊಳೆಯ ಮೇಲೆ ಬಿತ್ತು. ಹರಿಗೋಲಿನಲ್ಲಿದ್ದ ಅಂಬಿಗ ತಲೆಯೆತ್ತಿದ. ಹುಟ್ಟು ಬಲಕ್ಕೆ ಹಾಕಿದ. ಹರಿಗೋಲು ಒಂದು ಗಳಿಗೆ ನಿಂತಲ್ಲೇ ನಿಂತಿತು, ಆಮೇಲೆ ದೀಪ ಹಿಡಿದೆಳೆದಂತೆ ದಂಡೆಯ ಕಡೆ ತಿರುಗಿತು. ಕೆಳಗೆ ಊರು ಒಂದೇ ಗಂಟಲಿನಲ್ಲಿ ಕೂಗಿತು. ಹನ್ನೊಂದು ಜನ ಇಳಿದರು. ಹನ್ನೊಂದನೆಯವಳು ಗೌಡನ ಬಸುರಿ ಮಗಳು. ಅವಳ ಅತ್ತೆಮನೆಯವರು ಕೊಟ್ಟ ಬಾಗಿನದ ಮೊರವೂ ಕೈತಪ್ಪಿರಲಿಲ್ಲ.

ಮುದುಕಿ ಮೇಲಿನಿಂದ ಎಣಿಸಿದಳು. ಹನ್ನೊಂದು ಆದ ಮೇಲೆ ಹಣತೆಯ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಲ್ಲರೂ ಬಂದರಪ್ಪಾ" ಎಂದಳು. ಆ ಮಾತನ್ನು ಅವಳು ಯಾರಿಗೆ ಹೇಳಿದಳೋ, ಕಲ್ಲುಕುಟಿಗ ಕೇಳಲಿಲ್ಲ. ಅವನಿಗೂ ತಮ್ಮನ ಮುಖ ಕಣ್ಣ ಮುಂದೆ ನಿಂತಿತ್ತು.

ಗೌಡ ಮನೆಗೆ ಹೋಗಲಿಲ್ಲ. ಕೆಸರುಗಾಲಿನಲ್ಲೇ ಗೋಪುರದೊಳಗೆ ಬಂದ. ಹಿಂದೆ ಇಡೀ ಊರು ಬಂತು. ಒಂದು ಸುತ್ತು ಹತ್ತಿದ, ಎರಡು ಸುತ್ತು ಹತ್ತಿದ. ಪಂಜಿನ ಬೆಳಕಿನಲ್ಲಿ ಮೇಲೂ ಕೆಳಗೂ ನೋಡಿದ. ನಡುವೆ ನೆಟ್ಟಗೆ, ನುಣ್ಣಗೆ, ಕಂಡಷ್ಟೂ ದೂರ ಎದ್ದ ಕಂಬ. ಅದನ್ನು ಎರಡೂ ಕೈಯಿಂದ ತಬ್ಬಿಕೊಂಡ. ಅಷ್ಟರಲ್ಲಿ ಕಲ್ಲುಕುಟಿಗ ಮೇಲಿನಿಂದ ಇಳಿದು ಬಂದ.

"ಏನೋ, ಕಂಬ ಬೇಡ ಬೇಡ ಎನ್ನುತ್ತಾ ಕೊನೆಗೂ ತಂದೆಯಲ್ಲೋ! ಮೂರು ವರ್ಷ ನಾನು ಹುಡುಕಿದ್ದು ಇಂಥದ್ದನ್ನೇ. ಯಾವ ಗುಡ್ಡದಲ್ಲಿ ಸಿಕ್ಕಿತು? ಯಾವಾಗ ನಿಲ್ಲಿಸಿದೆ?"

"ಗೌಡರೇ, ಕಾಲ ಕೆಳಗೆ ನೋಡಿ. ನೀವು ನಿಂತಿರುವ ಕಲ್ಲಿನದೇ ಈಚೆ ತುದಿ ಅದು."

ಗೌಡ ಕೆಳಗೆ ನೋಡಿದ. ಮೆಟ್ಟಿಲ ಮೇಲೆ ಬೆರಳಾಡಿಸುತ್ತಾ ಬಂದ. ಬೆರಳು ಎಲ್ಲೂ ತಡೆಯದೆ ಕಂಬಕ್ಕೆ ಬಂದು ಸೇರಿತು. ಮೇಲಿನ ಮೆಟ್ಟಿಲಿನದೂ ಹಾಗೆಯೇ. ಕೆಳಗಿನದೂ ಹಾಗೆಯೇ. ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪೂಜಾರಪ್ಪಾ, ಅರಿಸಿನ ಕುಂಕುಮ ತಾ. ಕಂಬದ ಪೂಜೆ ಆಗಲಿ" ಎಂದ.

"ಕಾಲು ತೊಳೆದುಕೊಂಡು ಮಾಡಿ ಗೌಡರೇ" ಎಂದಳು ಕಲ್ಲುಕುಟಿಗನ ಹೆಂಡತಿ ಕೆಳಗಿನಿಂದ. "ಕಂಬವನ್ನೇ ತುಳಿದು ಬಂದಿದ್ದೀರಿ."

ಊರು ನಕ್ಕಿತು. ಎಲ್ಲರಿಗಿಂತ ಜೋರಾಗಿ ಗೌಡ ನಕ್ಕ. ಆ ನಗು ಸುತ್ತು ಸುತ್ತಾಗಿ ಮೇಲೆ ಹೋಗಿ, ದೀಪದ ಹತ್ತಿರ ಕೂತಿದ್ದ ಮುದುಕಿಗೂ ಕೇಳಿಸಿತು. ಬುಡದಿಂದ ತುದಿಯವರೆಗೆ ತೊಂಬತ್ತಾರು ದುಂಡಿಗೂ ಅರಿಸಿನ ಕುಂಕುಮ ಹಚ್ಚಿದರು. ಆ ಸೀಮೆಯಲ್ಲಿ ಕಟ್ಟಡ ಮುಗಿದ ಮೇಲೆ ಕಂಬದ ಪೂಜೆಯಾದದ್ದು ಅದೊಂದೇ ಸಲ. ಅಲ್ಲಿಂದ ಮುಂದೆ ಆ ಹೊಳೆ ಊರಿನ ಒಂದು ಹರಿಗೋಲನ್ನೂ ಇಟ್ಟುಕೊಳ್ಳಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ಶಂಭುಲಿಂಗ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಕೇಳಿದ:

"ಒಂದು ಮಾತು ಅಜ್ಜನವರೇ. ಮೊದಲ ಕಲ್ಲು ಇಡುವಾಗ, ಮೂವತ್ತೆರಡು ಮೊಳದ ಕಂಬ ನಿಂತೇ ನಿಲ್ಲುತ್ತದೆ ಎಂಬ ನಂಬಿಕೆ ಆ ಕಲ್ಲುಕುಟಿಗನಿಗೆ ಇತ್ತೇ?"

"ಮೊದಲ ಮೆಟ್ಟಿಲಿಗೆ ಎಂಟು ಬೆರಳು ಕಂಬ ಸಾಕಾಗಿತ್ತಪ್ಪಾ" ಎಂದರು ಅಜ್ಜನವರು.

ಶಂಭುಲಿಂಗ ಎದ್ದು ಪೊರಕೆ ತೆಗೆದುಕೊಂಡು, ಬೇವಿನ ಎಲೆ ಹರಡಿದ್ದ ಅಂಗಳಕ್ಕೆ ಇಳಿದ.